ಇಂಜಿನ್‌ಗೆ ರಾಣೆಯವರ ಹೆಸರು: ಮನವಿಯಲ್ಲಿ ಏನು ಕೇಳೋಣ?

ಬೈತಖೋಲ್_ಬಂದರು:
ದೆಹಲಿಯ ತುಘಲಕಾಬಾದ್ ಇಂಜಿನ್ ಶೆಡ್‌ನವರು ಪರಮವೀರ ಚಕ್ರ ಪಡೆದ ಯೋಧರ ಹೆಸರನ್ನು ಡೀಸೆಲ್ ಇಂಜಿನ್‌ಗಳಿಗೆ ಇಟ್ಟರಲ್ಲ, ಅದರ ಫೋಟೊ ನೋಡಿದಾಗಿನಿಂದ ನಮ್ಮ ಬಳಗದಲ್ಲಿ ಇದೇ ಮಾತು. ಕಾರವಾರ ಹತ್ತಿರದ ನಮ್ಮ ಚೆಂಡಿಯಾದವರು, ಪರಮವೀರ ಚಕ್ರ ಪಡೆದ ಮೇಜರ್ ರಾಮ ರಾಘೋಬ ರಾಣೆಯವರ ಹೆಸರಿನ ಇಂಜಿನ್ ಕೊಂಕಣ ರೈಲ್ವೆ ಹಳಿ ಮೇಲೆ ಓಡಬೇಕು ಅಂತ ಮನವಿ ಬರೆಯುತ್ತಿದ್ದೇವೆ. ಒಬ್ಬರು "ಇದೆಲ್ಲ ಈಗಿನವರ ಶೋಕಿ" ಅಂದರು. ಹೌದಾ? ಮನವಿಯಲ್ಲಿ ಏನೇನು ಕೇಳಬೇಕು?

ಕೋಡಿಬಾಗ_ಕಡಲು:
ಕಾರವಾರದ ಬೀಚಿನಲ್ಲಿ ಯುದ್ಧನೌಕೆ ಮ್ಯೂಸಿಯಂ ಪಕ್ಕ ರಾಣೆಯವರ ಪ್ರತಿಮೆ ಇದೆ. 1984ರಲ್ಲಿ ಶಿಪ್ಪಿಂಗ್ ಕಾರ್ಪೊರೇಷನ್‌ನ ತೈಲ ಹಡಗಿಗೆ ಅವರ ಹೆಸರು ಇಟ್ಟಿದ್ದರು. 2023ರ ಜನವರಿಯಲ್ಲಿ ಅಂಡಮಾನ್‌ನ 21 ದ್ವೀಪಗಳಿಗೆ ಪರಮವೀರರ ಹೆಸರು ಕೊಟ್ಟಾಗ ಒಂದು ರಾಣೆ ದ್ವೀಪವೂ ಆಯಿತು. ಇನ್ನು ಇಂಜಿನ್ ಯಾಕೆ? ಇವತ್ತು ಕಾರವಾರದಲ್ಲಿ ನಿಂತ ಇಂಜಿನ್ ನಾಳಿದ್ದು ಮಧ್ಯಪ್ರದೇಶದ ಇಟಾರ್ಸಿಯಲ್ಲಿರುತ್ತದೆ.

ನಿವೃತ್ತ_ಲೋಕೋಪೈಲಟ್:
ಇಟಾರ್ಸಿಗೆ ಹೋಗಲಿ ಬಿಡಿ, ಅದೇ ಒಳ್ಳೆಯದು. ಕಾರವಾರದವರಿಗೆ ರಾಣೆ ಯಾರು ಅಂತ ಹೇಳಬೇಕಾ? ಇಟಾರ್ಸಿಯವರಿಗೆ ಹೇಳಬೇಕು.

ಶೋಕಿ ಅಂದವರಿಗೆ ಇದನ್ನು ಹೇಳಿ. ಮೊದಲ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಲಂಡನ್ ಆ್ಯಂಡ್ ನಾರ್ತ್ ವೆಸ್ಟರ್ನ್ ರೈಲ್ವೆ ಒಂದು ಇಂಜಿನ್‌ಗೆ 'ಪೇಟ್ರಿಯಟ್' ಅಂತ ಹೆಸರಿಟ್ಟು, ಸತ್ತ ತನ್ನ ನೌಕರರ ನೆನಪಿಗೆ ಕೊಟ್ಟಿತು. ಅದಕ್ಕೆ 1914 ಅಂತಲೇ ನಂಬರ್. ಅದೇ ಕಂಪನಿಯ ಮೂವರು ನೌಕರರು ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಪಡೆದಿದ್ದರು: ಸೈಕ್ಸ್, ವುಡ್, ಕ್ರಿಸ್ಟಿ. ಮೂವರ ಹೆಸರಲ್ಲೂ ಇಂಜಿನ್ ಓಡಿತು. ಅವರ್ಯಾರೂ ಜನರಲ್‌ಗಳಲ್ಲ. ನನಗೆ ಇಷ್ಟವಾಗುವುದು ಅದೇ.

ಸ್ಕಾಟ್ಲೆಂಡಿನ ನಾರ್ತ್ ಬ್ರಿಟಿಷ್ ರೈಲ್ವೆಯದ್ದು ಬೇರೆ ಕಥೆ. ಅವರ 25 ಗೂಡ್ಸ್ ಇಂಜಿನ್‌ಗಳು ಫ್ರಾನ್ಸ್‌ಗೆ ಹೋಗಿ ಸೈನ್ಯಕ್ಕೆ ದುಡಿದು ಬಂದವು. ವಾಪಸ್ ಬಂದ ಮೇಲೆ ಅವಕ್ಕೆ ವರ್ಡನ್, ಮಾನ್ಸ್ ಅಂತ ಯುದ್ಧಭೂಮಿಗಳ ಹೆಸರು, ಹೇಗ್, ಫೋಶ್ ಅಂತ ದಂಡನಾಯಕರ ಹೆಸರು ಬಂತು. 'ಮಾಡ್' ಅನ್ನುವ ಒಂದು ಇಂಜಿನ್ ಮಾತ್ರ ಈಗ ಉಳಿದಿದೆ. ಆದರೆ ಆ ಹೆಸರುಗಳೆಲ್ಲ ಬರೀ ಬಣ್ಣದಲ್ಲಿ ಬರೆದವು.

ನಾನು ಹೇಳಬೇಕೆಂದಿರುವುದೂ ಇದನ್ನೇ. ಬಣ್ಣ ಬೇಡ, ಎರಕದ ಫಲಕ ಕೇಳಿ. ಇಂಜಿನ್ ದೊಡ್ಡ ರಿಪೇರಿಗೆ ಹೋದಾಗ ಹಳೆ ಬಣ್ಣ ಕೆರೆದು ಹೊಸದು ಹೊಡೆಯುತ್ತಾರೆ. ಆಮೇಲೆ ಹೆಸರು ಮತ್ತೆ ಬರೆಯುವುದು ಯಾರಾದರೂ ನೆನಪಿಟ್ಟರೆ ಮಾತ್ರ. ಫಲಕ ಹಾಗಲ್ಲ. ಬಿಚ್ಚಿಟ್ಟು ಮತ್ತೆ ಕೂರಿಸಬಹುದು. ಇಂಜಿನ್ ಗುಜರಿಗೆ ಹೋದರೆ ಇನ್ನೊಂದಕ್ಕೆ ಹಾಕಬಹುದು.

ಇನ್ನೊಂದು ಮಾತು. ರಾಣೆಯವರ ಕಥೆ ಓದಿದಾಗ ನಮ್ಮಂಥವರಿಗೆ ಮೈ ಜುಮ್ ಅನ್ನುತ್ತದೆ. 1948ರ ಏಪ್ರಿಲ್, ಜಮ್ಮು-ಕಾಶ್ಮೀರದ ನೌಶೇರಾದಿಂದ ರಾಜೌರಿಗೆ ದಾರಿ. ರಸ್ತೆ ತುಂಬ ನೆಲಬಾಂಬ್‌ಗಳು (ಮೈನ್), ಕಡಿದು ಬೀಳಿಸಿದ ಪೈನ್ ಮರಗಳು. ಅವನ್ನು ತೆಗೆದು ಟ್ಯಾಂಕ್‌ಗಳಿಗೆ ದಾರಿ ಮಾಡುವುದು ಇವರ ಕೆಲಸ. 8ನೇ ತಾರೀಖು ಶೆಲ್ ಬಿದ್ದು ಜೊತೆಯವರಿಬ್ಬರು ಸತ್ತರು, ಇವರಿಗೂ ಗಾಯ. ಆದರೂ ಕೆಲಸ ಬಿಡಲಿಲ್ಲ. ಟ್ಯಾಂಕ್‌ನ ಅಡಿಯಲ್ಲಿ ತೆವಳುತ್ತಾ, ಹಗ್ಗ ಎಳೆದು ಮೇಲಿದ್ದ ಡ್ರೈವರ್‌ಗೆ ಸನ್ನೆ ಕೊಟ್ಟು ದಾರಿ ತೋರಿಸಿದರು. ಕ್ಯಾಬಿನ್‌ನಲ್ಲಿ ಕೂತವನಿಗೆ ಚಕ್ರದ ಕೆಳಗೆ ಏನಿದೆ ಅಂತ ಕಾಣುವುದಿಲ್ಲ. ಹೊರಗಿನವನು ಕೊಟ್ಟ ಸಿಗ್ನಲ್ ನಂಬಿಯೇ ಮುಂದೆ ಹೋಗಬೇಕು. ಮಳೆಗಾಲದಲ್ಲಿ ಗುಡ್ಡದ ಬದಿ ಗಾಡಿ ಓಡಿಸುವಾಗ, ಹಳಿ ಕಾಯುವ ಗಸ್ತಿನವನ ಕೈದೀಪ ನೋಡಿ ನಾನೂ ಹಾಗೇ ಹೋದವನು. ಇಂಜಿನ್‌ಗೆ ಇವರಿಗಿಂತ ಸರಿಯಾದ ಹೆಸರು ಇನ್ನೊಂದಿಲ್ಲ.

ಶಿರಸಿ_ಅಡಿಕೆ:
ನಿಮಗೆ ಹಳಿ ಉಂಟು, ಇಂಜಿನ್ ಉಂಟು, ಹೆಸರಿನದ್ದು ಮಾತ್ರ ಚಿಂತೆ. ಇನ್ನೂ ಆಗದ ಹುಬ್ಬಳ್ಳಿ–ಅಂಕೋಲಾ ರೈಲು ಲೈನ್ ಆದ ದಿನ ನಾವು ಘಟ್ಟದ ಮೇಲಿನವರೂ ಬಂದು ಕಾಯಿ ಒಡೆಯುತ್ತೇವೆ. ಬದುಕಿದ್ದರೆ!

ಬೈತಖೋಲ್_ಬಂದರು:
ಹ್ಹ ಹ್ಹ. ಆ ಮನವಿ ಬೇರೆ ಬರೆಯೋಣ. ಸರ್, ಫಲಕದಲ್ಲಿ ಹೆಸರು ಮಾತ್ರ ಸಾಕಾ? ಪ್ಯಾಸೆಂಜರ್ ಇಂಜಿನ್ ಕೇಳೋಣವಾ, ಗೂಡ್ಸಾ?

ನಿವೃತ್ತ_ಲೋಕೋಪೈಲಟ್:
ಪ್ಯಾಸೆಂಜರ್ ಇಂಜಿನ್ನೇ ಕೇಳಿ, ಪ್ಲಾಟ್‌ಫಾರಂನಲ್ಲಿ ನಿಂತವರು ಓದುತ್ತಾರೆ. ಡೀಸೆಲ್ ಬೇಡ. 2022ರಲ್ಲಿ ನಮ್ಮ ಲೈನ್ ಪೂರ್ತಿ ವಿದ್ಯುದೀಕರಣ ಆಯಿತಲ್ಲ, ವ್ಯಾಪ್-7 (ಪ್ಯಾಸೆಂಜರ್ ಗಾಡಿಯ ವಿದ್ಯುತ್ ಇಂಜಿನ್) ಅಂತ ಬರೆದುಬಿಡಿ. ಹೆಸರು ಮಾತ್ರ ಇದ್ದರೆ ಯಾವುದೋ ಮಂತ್ರಿ ಅಂದುಕೊಳ್ಳುತ್ತಾರೆ. "ಪರಮವೀರ ಚಕ್ರ, ನೌಶೇರಾ–ರಾಜೌರಿ, ಏಪ್ರಿಲ್ 1948" ಅಂತ ಕೆಳಗೆ ಇರಲಿ. ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ. ಫಲಕ ಎರಡೂ ಬದಿಗೆ ಬೇಕು ಅಂತ ಸ್ಪಷ್ಟವಾಗಿ ಬರೆಯಿರಿ. ಇಲ್ಲದಿದ್ದರೆ ಒಂದೇ ಬದಿಗೆ ಹಾಕುತ್ತಾರೆ, ಅದು ಪ್ಲಾಟ್‌ಫಾರಂ ಇಲ್ಲದ ಬದಿಗೇ ಬರುತ್ತದೆ ನೋಡಿ.