ಕಾನೂನು ಪದವಿಯಿಲ್ಲದವರು ಪರಿಸರ ಕಾನೂನನ್ನು ಎಲ್ಲಿಂದ ಓದತೊಡಗಬೇಕು?

ಬದಿಯಡ್ಕದ ವಿದ್ಯಾರ್ಥಿನಿ:
ನಾನು ಕಾಸರಗೋಡು ಜಿಲ್ಲೆಯವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೇನೆ. ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಗೇರು ತೋಟಗಳ ಸುತ್ತಲಿನ ಮಣ್ಣು ಮತ್ತು ನೀರು ನನ್ನ ಪ್ರಬಂಧದ ವಿಷಯವಾದ್ದರಿಂದ ಕಾನೂನನ್ನು ಬಿಟ್ಟು ಬರೆಯುವಂತಿಲ್ಲ. ಕಾಯ್ದೆಗಳನ್ನು ಹೇಗೋ ಓದಬಲ್ಲೆ. ತೀರ್ಪನ್ನು ಕೈಗೆತ್ತಿಕೊಂಡರೆ ಯಾವುದು ವಾದ, ಯಾವುದು ಆದೇಶ ಎಂಬುದೇ ತಿಳಿಯುವುದಿಲ್ಲ. ಇದಕ್ಕಾಗಿ ಎಲ್‌ಎಲ್.ಬಿ. ಮಾಡಲೇಬೇಕೆ?

ಹೊಸದುರ್ಗದ ವಕೀಲ:
ಚಿಕ್ಕದೊಂದು ಆದೇಶದಿಂದ ಆರಂಭಿಸಿ. ಎಂಡೋಸಲ್ಫಾನಿನ ಉತ್ಪಾದನೆ, ಮಾರಾಟ ಮತ್ತು ಬಳಕೆಯನ್ನು ತಡೆದು ಸುಪ್ರೀಂ ಕೋರ್ಟು 2011ರ ಮೇ 13ರಂದು ಕೊಟ್ಟ ಮಧ್ಯಂತರ ಆದೇಶ ಕೆಲವೇ ಪುಟಗಳದ್ದು. ಅರ್ಜಿದಾರರು ಕೇಳಿದ್ದೇನು, ನ್ಯಾಯಾಲಯ ಯಾವ ಆಧಾರ ಹಿಡಿಯಿತು, ಕೊನೆಗೆ ಯಾರಿಗೆ ಏನು ಮಾಡಲು ಹೇಳಿತು ಎಂಬುದನ್ನು ಬೇರೆ ಬೇರೆ ಓದಿನಲ್ಲಿ ಗುರುತು ಹಾಕಿಕೊಳ್ಳಿ. ತಜ್ಞರ ಸಮಿತಿಯ ವರದಿ ಬರುವುದಕ್ಕೆ ಮುಂಚೆಯೇ, ಬದುಕುವ ಹಕ್ಕನ್ನು ಕೊಡುವ ಸಂವಿಧಾನದ 21ನೇ ವಿಧಿಯನ್ನೂ, ಹಾನಿ ಖಚಿತವಾಗಿ ಸಾಬೀತಾಗುವವರೆಗೆ ಕಾಯದೆ ತಡೆಯಬೇಕೆಂಬ ಮುನ್ನೆಚ್ಚರಿಕೆಯ ತತ್ವವನ್ನೂ ಆಧರಿಸಿ ಈ ತಡೆ ಬಂದಿತು. ಸಂಶಯ ಉಳಿದಿರುವವರೆಗೆ ನಿರ್ಣಯಕ್ಕೆ ಬರಬಾರದೆಂದು ಕಲಿತು ಬಂದ ವಿಜ್ಞಾನದ ವಿದ್ಯಾರ್ಥಿಗಳಿಗೆ ಅರಗದಿರುವುದು ಇದೇ. ಆದರೆ ಈ ತತ್ವವನ್ನು ಬಿಟ್ಟರೆ ನಮ್ಮ ಪರಿಸರ ಕಾನೂನು ಅರ್ಥವಾಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದರ ಬೇರು 1996ರ ವೆಲ್ಲೂರು ತೀರ್ಪಿನಲ್ಲಿದೆ. ತಮಿಳುನಾಡಿನ ಚರ್ಮ ಹದಮಾಡುವ ಕಾರ್ಖಾನೆಗಳ ಕೊಳಚೆಯ ಕುರಿತಾದ ಆ ಪ್ರಕರಣದಲ್ಲಿ, ಮುನ್ನೆಚ್ಚರಿಕೆಯೂ ಕೆಡಿಸಿದವರೇ ವೆಚ್ಚ ತೆರಬೇಕೆಂಬುದೂ ಈ ನೆಲದ ಕಾನೂನಿನ ಭಾಗವೆಂದು ನ್ಯಾಯಾಲಯ ಹೇಳಿತು. ಆಮೇಲೆ, ಪ್ರತಿಯೊಬ್ಬ ಎಂಡೋಸಲ್ಫಾನ್ ಸಂತ್ರಸ್ತರಿಗೂ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡುವಂತೆ ಕೇರಳ ಸರಕಾರಕ್ಕೆ ಸೂಚಿಸಿದ 2017ರ ಜನವರಿಯ ಆದೇಶವನ್ನು ಓದಿ.

ಹಳೆಯ ಪಠ್ಯಪುಸ್ತಕಗಳ ವಿಷಯದಲ್ಲಿ ಎಚ್ಚರವಿರಲಿ. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಉಲ್ಲಂಘನೆಗೆ ಐದು ವರ್ಷದವರೆಗೆ ಸೆರೆವಾಸ ಎಂದು ಅವುಗಳಲ್ಲಿರುತ್ತದೆ. 2023ರ ಜನ ವಿಶ್ವಾಸ ತಿದ್ದುಪಡಿಯ ನಂತರ ಅದರ ಜಾಗಕ್ಕೆ ಹಣದ ದಂಡ ಬಂದಿದೆ.

ಮಂಜೇಶ್ವರದ ರಸಾಯನಶಾಸ್ತ್ರ ಅಧ್ಯಾಪಕಿ:
ವಕೀಲರು ಹೇಳಿದ ಕ್ರಮ ಸರಿ. ನನ್ನಂತೆ ಪ್ರಯೋಗಾಲಯದಿಂದ ಬಂದವರು ಮೊದಲು 1974ರ ಜಲ ಕಾಯ್ದೆಯ 21ನೇ ಕಲಮನ್ನು ಓದಬೇಕೆಂದು ನಾನು ಹೇಳುತ್ತೇನೆ. ಮಾಲಿನ್ಯ ನಿಯಂತ್ರಣ ಮಂಡಳಿಯವರು ಕಾರ್ಖಾನೆಯ ತ್ಯಾಜ್ಯನೀರಿನ ಮಾದರಿಯನ್ನು ತೆಗೆಯುವಾಗ ಅಲ್ಲಿನ ಹೊಣೆಗಾರರಿಗೆ ನೋಟೀಸು ಕೊಟ್ಟು, ಅವರ ಸಮ್ಮುಖದಲ್ಲಿ ಅದನ್ನು ಎರಡು ಭಾಗ ಮಾಡಿ, ಮೊಹರು ಹಾಕಿ, ಇಬ್ಬರೂ ಸಹಿ ಮಾಡಬೇಕೆಂದು ಅಲ್ಲಿದೆ. ಆ ಕ್ರಮ ತಪ್ಪಿದರೆ, ವಿಶ್ಲೇಷಣೆ ಎಷ್ಟೇ ನಿಖರವಾಗಿದ್ದರೂ ಅದು ಸಾಕ್ಷ್ಯವಾಗುವುದಿಲ್ಲ. ನಿಮ್ಮ ಮಾದರಿಗಳಿಗೆ ಈ ಕಲಮು ಅನ್ವಯಿಸದಿದ್ದರೂ, ಯಾರು, ಎಲ್ಲಿ, ಯಾವಾಗ ತೆಗೆದರು, ಆಮೇಲೆ ಯಾರ ಕೈಯಲ್ಲಿತ್ತು ಎಂಬುದನ್ನು ಪ್ರತಿ ಬಾಟಲಿಗೂ ಬರೆದಿಡಿ.

ಬದಿಯಡ್ಕದ ವಿದ್ಯಾರ್ಥಿನಿ:
ಇಬ್ಬರಿಗೂ ಕೃತಜ್ಞತೆಗಳು. ಪಯಸ್ವಿನಿ ಕೊಡಗಿನಲ್ಲಿ ಹುಟ್ಟಿ ನಮ್ಮಲ್ಲಿ ಚಂದ್ರಗಿರಿಯಾಗಿ ಹರಿಯುತ್ತದೆ. ಇಂಥ ನದಿಯ ವಿಷಯದಲ್ಲಿ ಯಾವ ರಾಜ್ಯದ ದಾಖಲೆಗಳನ್ನು ಹುಡುಕಬೇಕು?

ಹೊಸದುರ್ಗದ ವಕೀಲ:
ಜಲ ಕಾಯ್ದೆ ಒಂದೇ, ಆದರೆ ಮಂಡಳಿಗಳು ಎರಡು; ಆದ್ದರಿಂದ ಎರಡೂ ಕಡೆ ಹುಡುಕಬೇಕು. ಪರಿಸರದ ವ್ಯಾಜ್ಯಗಳನ್ನು ವಿಚಾರಿಸುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮಟ್ಟದಲ್ಲಿ ಕೇರಳ, ಕರ್ನಾಟಕ ಎರಡೂ ಚೆನ್ನೈನ ದಕ್ಷಿಣ ವಲಯ ಪೀಠಕ್ಕೆ ಸೇರುತ್ತವೆ. 2010ರ ಕಾಯ್ದೆಯಂತೆ ಅಲ್ಲಿ ನ್ಯಾಯಾಂಗ ಸದಸ್ಯರ ಜೊತೆಗೆ ವಿಜ್ಞಾನ ಓದಿದ ತಜ್ಞ ಸದಸ್ಯರೂ ಕುಳಿತು ತೀರ್ಪು ಕೊಡುತ್ತಾರೆ.

ನ್ಯಾಯಾಲಯದಲ್ಲಿ ವಾದಿಸುವ ಆಸೆಯಿದ್ದರೆ ಮಾತ್ರ ಮೂರು ವರ್ಷದ ಎಲ್‌ಎಲ್.ಬಿ. ಬೇಕು. ಸಂಶೋಧನೆಗಷ್ಟೇ ಆದರೆ, ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ದೂರಶಿಕ್ಷಣದಲ್ಲಿ ನಡೆಸುತ್ತ ಬಂದಿರುವ ಪರಿಸರ ಕಾನೂನಿನ ಸ್ನಾತಕೋತ್ತರ ಡಿಪ್ಲೊಮಾದಂಥದ್ದು ಸಾಕು. ಪ್ರಬಂಧ ಮುಗಿದ ಮೇಲೆ ಸೇರಿದರೆ ಓದಿಗೆ ಹೆಚ್ಚು ಸಮಯ ಸಿಗುತ್ತದೆ.