ಸಹಾಯ ಬೇಕು: ಮಂಡಿನೋವಿರುವ ಅಮ್ಮನ ಜೊತೆ ತೊಗಾಕುಶಿಗೆ ಹೋಗಬಹುದಾ?

ನಮಸ್ಕಾರ. ಅಕ್ಟೋಬರ್ ಕೊನೆಗೆ ಅಮ್ಮ ಮೈಸೂರಿನಿಂದ ಟೋಕಿಯೋಗೆ ಬರುತ್ತಿದ್ದಾರೆ. ನಾಗಾನೊ ಹತ್ತಿರದ ತೊಗಾಕುಶಿ ಶಿಂಟೋ (ಜಪಾನಿನ ಸಾಂಪ್ರದಾಯಿಕ ಧರ್ಮ) ಗುಡಿ ತೋರಿಸುವ ಆಸೆ. ಸೂರ್ಯದೇವಿ ಅಡಗಿದ್ದ ಗುಹೆಯ ಬಂಡೆಬಾಗಿಲನ್ನು ಎತ್ತಿ ಎಸೆದಾಗ, ಅದು ಇಲ್ಲಿ ಬಿದ್ದು ಬೆಟ್ಟವಾಯಿತಂತೆ. ಈ ಕಥೆ ಫೋನಲ್ಲಿ ಹೇಳಿದ್ದೇ ತಡ, ಅಮ್ಮ ಹೊರಟೇ ನಿಂತಿದ್ದಾರೆ!

ತೊಂದರೆ ಅವರ ಮಂಡಿನೋವು. ಮೇಲಿನ ಗುಡಿ ಒಕುಷಾಗೆ ಸುಮಾರು 2 ಕಿಲೋಮೀಟರ್ ನಡಿಗೆ. ನಾನು ಅರ್ಧ ದಾರಿಯ ಕೆಂಪು ಬಾಗಿಲ ತನಕ ಮಾತ್ರ ಹೋಗಿದ್ದೆ, ಮಳೆ ಹಿಡಿದು ವಾಪಸ್ ಬಂದೆ. ಅಲ್ಲಿವರೆಗೆ ದಾರಿ ಮಟ್ಟಸವಾಗಿದೆ. ಬಾಗಿಲ ಹುಲ್ಲಿನ ಮಾಡಿನ ಮೇಲೆ ಪಾಚಿ, ಜರೀಗಿಡ ಬೆಳೆದಿತ್ತು. ಅದರಾಚೆ 400 ವರ್ಷದ ಸುಗಿ (ಜಪಾನಿ ದೇವದಾರು) ಮರಗಳ ಸಾಲು.

ಕೊನೆಯ ಕಲ್ಲುಮೆಟ್ಟಿಲು ಎಷ್ಟು ಕಡಿದು? ಹಿಡಿದುಕೊಳ್ಳಲು ಏನಾದರೂ ಇದೆಯಾ? ಆಗಲ್ಲ ಅಂದರೆ ಬಸ್ ಹೋಗುವ ನಡುವಿನ ಗುಡಿ ಚೂಷಾ ಒಂದೇ ಸಾಕಾ? ಹಿರಿಯರನ್ನು ಕರೆದುಕೊಂಡು ಹೋದವರು ಹೇಳಿ, ಪ್ಲೀಸ್.