ಈಜಿಪ್ಟಿನ ಕೆತ್ತನೆ ಕಲ್ಲು ಮಾರಾಟಕ್ಕಿದೆ, ತಗೊಳ್ಳಬಹುದಾ?

ಪ್ರಶ್ನೆ (ಲಂಡನ್‌ನಲ್ಲಿರುವ ಸದಸ್ಯ):
ಮೇಡಂ, ನಮಸ್ಕಾರ. ಇಲ್ಲಿ ಹಳೇ ವಸ್ತುಗಳ ವ್ಯಾಪಾರಿಯೊಬ್ಬರು ಈಜಿಪ್ಟಿನ ಕೆತ್ತನೆ ಕಲ್ಲೊಂದನ್ನು ಮಾರುತ್ತಿದ್ದಾರೆ. ಸುಣ್ಣದಕಲ್ಲು. ಒಂದಡಿ ಅಗಲ, ಎರಡು ಬೆರಳು ದಪ್ಪ. ಒಬ್ಬ ಗಂಡಸು ಬಾತುಕೋಳಿ ಹಿಡಿದು ಎಡಕ್ಕೆ ನಡೆಯುತ್ತಿದ್ದಾನೆ, ತಲೆ ಮೇಲೆ ಒಂದು ಸಾಲು ಚಿತ್ರಲಿಪಿ. ‘ಸಕ್ಕಾರಾ, 5ನೇ ರಾಜವಂಶ, ಸ್ವಿಸ್ ಕುಟುಂಬದ ಸಂಗ್ರಹ, 1960ರ ದಶಕ’ ಎಂದು ಬರೆದಿದ್ದಾರೆ. ಸಕ್ಕಾರಾ ಅಂದರೆ ಕೈರೋ ಹತ್ತಿರದ ಹಳೇ ಸಮಾಧಿಗಳ ಜಾಗ, 5ನೇ ರಾಜವಂಶ ಅಂದರೆ ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಕಾಲ. 2,200 ಪೌಂಡ್. ಅಸಲಿ ಅಂತ ಸರ್ಟಿಫಿಕೇಟ್ ಕೊಡ್ತಾರಂತೆ. ಅಪ್ಪ ಮೈಸೂರಲ್ಲಿ ಹೊಸ ಮನೆ ಕಟ್ಟಿಸಿದ್ದಾರೆ, ಹಾಲ್‌ಗೆ ಉಡುಗೊರೆ ಕೊಡೋಣ ಅಂತ ಆಸೆ. ಫೋಟೋ ಹಾಕಿದ್ದೇನೆ. ಅಸಲಿ ಅಲ್ವಾ?

ಉತ್ತರ (ಮ್ಯೂಸಿಯಂ ಒಂದರಲ್ಲಿ ಕಲ್ಲಿನ ಶಿಲ್ಪಗಳನ್ನು ನೋಡಿಕೊಳ್ಳುವ ಸದಸ್ಯೆ):
ಫೋಟೋ ನೋಡಿ ಅಸಲಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ನಾನೇ ಹೇಳಿದರೂ. ಅನುಮಾನ ಪಡೋಕೆ ಮಾತ್ರ ಫೋಟೋ ಸಾಕು.

ನಿಮ್ಮ ಫೋಟೋದಲ್ಲಿ ನನ್ನ ಕಣ್ಣು ನಿಂತಿದ್ದು ಅಕ್ಷರಗಳ ಮೇಲೆ. ಚಿತ್ರಲಿಪಿಯಲ್ಲಿ ಹಕ್ಕಿ, ಮನುಷ್ಯರ ಗುರುತುಗಳು ಸಾಲು ಶುರುವಾಗುವ ಕಡೆಗೆ ಮುಖ ಮಾಡಿರುತ್ತವೆ. ಒಬ್ಬನ ಮೇಲೆ ಬರೆದ ಹೆಸರು ಸಾಮಾನ್ಯವಾಗಿ ಅವನು ನೋಡುವ ದಿಕ್ಕನ್ನೇ ನೋಡುತ್ತದೆ. ನಿಮ್ಮ ಮನುಷ್ಯ ಎಡಕ್ಕೆ ಹೊರಟಿದ್ದಾನೆ, ಹಕ್ಕಿಗಳು ಬಲಕ್ಕೆ ನೋಡುತ್ತಿವೆ. ಪಕ್ಕದ ಇನ್ನೊಂದು ಚಿತ್ರದ ಬರಹ ಇಲ್ಲಿಗೆ ಬಂದಿರಬಹುದು. ಅಕ್ಷರ ಬಾರದವರು ಎರಡು ಪುಸ್ತಕ ನೋಡಿ ಕೆತ್ತಿರಲೂಬಹುದು.

ಮೈಮೇಲಿನ ಕೆಂಪು ಬಣ್ಣವನ್ನೂ ದೊಡ್ಡದು ಮಾಡಿ ನೋಡಿ. ಗಂಡಸರ ಮೈಗೆ ಕೆಂಪು-ಕಂದು ಬಳಿಯುತ್ತಿದ್ದದ್ದು ನಿಜ. ಆದರೆ ಕಲ್ಲು ಒಡೆದ ಜಾಗದ ಒಳಗೂ ಬಣ್ಣ ಕೂತಿದ್ದರೆ, ಒಡೆದ ಮೇಲೆ ಬಳಿದದ್ದು ಅಂತಲೇ ಅರ್ಥ.

ಇನ್ನೊಬ್ಬ ಸದಸ್ಯ:
ಮೇಡಂ, ಲ್ಯಾಬ್‌ಗೆ ಕಳಿಸಿದರೆ ಕಲ್ಲಿನ ವಯಸ್ಸು ಗೊತ್ತಾಗಲ್ವಾ?

ಉತ್ತರ:
ಕಲ್ಲಿನ ವಯಸ್ಸು ಕೋಟಿಗಟ್ಟಲೆ ವರ್ಷ. ನಮಗೆ ಬೇಕಿರುವುದು ಕೆತ್ತನೆಯ ವಯಸ್ಸು. ಕಾರ್ಬನ್ ಪರೀಕ್ಷೆ ಅದನ್ನು ಹೇಳುವುದಿಲ್ಲ. ಹಳೇ ಕಟ್ಟಡದ ಕಲ್ಲಿನ ಮೇಲೇ ಹೊಸದಾಗಿ ಕೆತ್ತುವ ಜಾಣರಿದ್ದಾರೆ.

ಆದರೆ ತಮ್ಮಾ, ನಕಲಿಯಾದರೆ ನಿಮಗೆ ಹೋಗುವುದು 2,200 ಪೌಂಡ್. ನನಗೆ ಜಾಸ್ತಿ ಭಯ ಇರುವುದು ಅಸಲಿಯಾದರೆ! ಇಂಥ ಕಲ್ಲು ಬಿಡಿಯಾಗಿ ಹುಟ್ಟುವುದಿಲ್ಲ. ಅದು ಸಮಾಧಿ ಮಂದಿರದ ಗೋಡೆ. ಸತ್ತ ಒಡೆಯನಿಗೆ ಊಟ ಹೊತ್ತು ತರುವವರ ಸಾಲು ಅಲ್ಲಿರುತ್ತದೆ, ನಿಮ್ಮ ಬಾತುಕೋಳಿಯವನು ಆ ಸಾಲಿನಲ್ಲೊಬ್ಬ. ಎರಡೇ ಬೆರಳು ದಪ್ಪ ಅಂದರೆ ಗೋಡೆಯಿಂದ ಗರಗಸದಲ್ಲಿ ಕೊಯ್ದಿದ್ದಾರೆ. ನಮ್ಮ ವೀರಗಲ್ಲಿನಿಂದ ಒಬ್ಬ ಅಪ್ಸರೆಯನ್ನು ಮಾತ್ರ ಕೊಯ್ದು ಮಾರಿದ ಹಾಗೆ. ಕೊಯ್ದದ್ದು ಯಾವಾಗ, ಯಾರು? ವ್ಯಾಪಾರಿಗೆ ಕೇಳಬೇಕಾದದ್ದು ಇದು.

ಲಂಡನ್ ಸದಸ್ಯ:
1960ರ ದಶಕದಲ್ಲಿ ತರೋದು ಕಾನೂನಿಗೆ ಸರಿಯಾಗೇ ಇತ್ತು ಅಂತಾರೆ ಅವರು.

ಉತ್ತರ:
ಅದು ಸುಳ್ಳಲ್ಲ. ಆಗ ಈಜಿಪ್ಟಿನಲ್ಲಿ ಲೈಸೆನ್ಸ್ ಇದ್ದ ವ್ಯಾಪಾರಿಗಳಿದ್ದರು. ಕೈರೋದ ಮ್ಯೂಸಿಯಂ ಒಳಗೇ ಮಾರಾಟದ ಕೋಣೆಯೊಂದಿತ್ತು! 1983ರ 117ನೇ ಕಾನೂನು ಈ ವ್ಯಾಪಾರವನ್ನು ನಿಲ್ಲಿಸಿತು. ಅದಕ್ಕೇ ಎಲ್ಲರ ಕಲ್ಲೂ ಅದಕ್ಕಿಂತ ಮುಂಚೆಯೇ ‘ಹೊರಗೆ ಬಂದಿರುತ್ತದೆ’. ನಿಜವಾಗಿ ಬಂದಿದ್ದರೆ ರಫ್ತು ಪರವಾನಗಿ, ಬಿಲ್, ಹಳೇ ಹರಾಜಿನ ಕ್ಯಾಟಲಾಗ್, ಏನಾದರೊಂದು ಇರಬೇಕು.

ಕಾಗದವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 1990ರ ದಶಕದಲ್ಲಿ ಟೋಕ್ಲಿ-ಪ್ಯಾರಿ ಎಂಬ ಬ್ರಿಟಿಷ್ ಕಳ್ಳಸಾಗಣೆದಾರ ಅಸಲಿ ವಸ್ತುಗಳಿಗೆ ಪ್ಲಾಸ್ಟಿಕ್ ಲೇಪ ಹಚ್ಚಿ, ಅಗ್ಗದ ಗೊಂಬೆಯ ಹಾಗೆ ಬಣ್ಣ ಬಳಿದು ಈಜಿಪ್ಟಿನಿಂದ ಸಾಗಿಸುತ್ತಿದ್ದ. ಆಮೇಲೆ 1920ರ ದಶಕದ ಸಂಗ್ರಹ ಅಂತ ಒಂದು ಕಥೆ ಕಟ್ಟಿದ. ಚೀಟಿಗಳು ಹಳೇದಾಗಿ ಕಾಣಲಿ ಅಂತ ಟೀ ನೀರು ಹಚ್ಚಿದ. ಅವನ ಜೊತೆ ಸೇರಿದ ನ್ಯೂಯಾರ್ಕ್ ವ್ಯಾಪಾರಿ ಫ್ರೆಡರಿಕ್ ಷುಲ್ಟ್ಸ್‌ಗೆ 2002ರಲ್ಲಿ 33 ತಿಂಗಳ ಜೈಲು ಶಿಕ್ಷೆಯಾಯಿತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಕೂಡ 2017ರಲ್ಲಿ ಚಿನ್ನದ ಲೇಪವಿದ್ದ ಈಜಿಪ್ಟಿನ ಶವಪೆಟ್ಟಿಗೆಯೊಂದನ್ನು ಸುಮಾರು 40 ಲಕ್ಷ ಡಾಲರ್‌ಗೆ ಕೊಂಡಿತ್ತು. ಅದರ ಜೊತೆಗಿದ್ದ 1971ರ ರಫ್ತು ಪರವಾನಗಿಯೇ ನಕಲಿ. 2019ರಲ್ಲಿ ಪೆಟ್ಟಿಗೆ ಈಜಿಪ್ಟಿಗೆ ವಾಪಸ್ ಹೋಯಿತು.

ನಿಮ್ಮ ಊರಿನದೇ ಇನ್ನೊಂದು. ಈಜಿಪ್ಟಿನ ಕಾರ್ನಾಕ್ ದೇವಾಲಯದ ಬಯಲು ಮ್ಯೂಸಿಯಂನಿಂದ 1988ರಲ್ಲಿ ಕಳುವಾಗಿದ್ದ, ಮೊದಲನೇ ಅಮೆನ್‌ಹೋಟೆಪ್ ರಾಜನ ಹೆಸರಿದ್ದ ಕಲ್ಲು ಲಂಡನ್‌ನ ಹರಾಜಿಗೆ ಬಂದಿತ್ತು. ಅದೂ ವಾಪಸಾಯಿತು, 2019ರಲ್ಲೇ.

ಹಾಗಾಗಿ ಸರ್ಟಿಫಿಕೇಟ್ ಬಿಡಿ, ಅದನ್ನು ಬರೆಯುವವರು ಮಾರುವವರೇ. ಆ ಕುಟುಂಬದ ಹೆಸರು, ಮೊದಲ ಬಿಲ್, ಕಲ್ಲಿನ ಬೆನ್ನಿನ ಫೋಟೋ ಕೇಳಿ. ಕಳುವಾದ ವಸ್ತುಗಳ ಇಂಟರ್‌ಪೋಲ್ ಪಟ್ಟಿ ನೋಡಿ. ಅದರಲ್ಲಿ ಇಲ್ಲ ಅಂದಮಾತ್ರಕ್ಕೆ ನಿಶ್ಚಿಂತೆ ಬೇಡ, ಮರಳಡಿಯಿಂದ ಕದ್ದು ಅಗೆದದ್ದು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಮೈಸೂರಿಗೆ ತರುವುದಂತೂ ಇನ್ನೊಂದು ತಲೆನೋವು. ನಮ್ಮ 1972ರ ಕಾನೂನಿನಲ್ಲಿ 100 ವರ್ಷ ದಾಟಿದ ಶಿಲ್ಪ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ನಾಳೆ ವಾಪಸ್ ಮಾಡ್ತೀನಿ ಅಂದರೆ ಸುಲಭವಲ್ಲ.

ಲಂಡನ್ ಸದಸ್ಯ (ಮೂರು ದಿನದ ನಂತರ):
ನೀವು ಹೇಳಿದ್ದನ್ನೆಲ್ಲ ಕೇಳಿದೆ ಮೇಡಂ. ಕುಟುಂಬದ ಹೆಸರು ಗುಟ್ಟಂತೆ. ಬೆನ್ನಿನ ಫೋಟೋ ಬರಲಿಲ್ಲ. ಇನ್ನೊಬ್ಬರು ಕೇಳ್ತಿದ್ದಾರೆ, ಇವತ್ತೇ ಹೇಳಿ ಅಂದರು. 1,700ಕ್ಕೂ ಇಳಿದರು.

ಉತ್ತರ:
ಆ ಇನ್ನೊಬ್ಬರೇ ತಗೊಳ್ಳಲಿ ಬಿಡಿ. ಅಪ್ಪ ಲಂಡನ್‌ಗೆ ಬಂದಾಗ ಬ್ರಿಟಿಷ್ ಮ್ಯೂಸಿಯಂಗೆ ಕರೆದುಕೊಂಡು ಹೋಗಿ. ಈಜಿಪ್ಟಿನ ಕಲ್ಲುಗಳ ಗ್ಯಾಲರಿಗೆ ಟಿಕೆಟ್ ಇಲ್ಲ. ಅವು ಅಲ್ಲಿಗೆ ಹೇಗೆ ಬಂದವು ಅಂತ ಅಪ್ಪ ಕೇಳಿದರೆ ಮಾತ್ರ, ಇಲ್ಲಿ ಇನ್ನೊಂದು ಪ್ರಶ್ನೆ ಹಾಕಿ.